ಎರಡನೆಯ ಬಾಗಿಲು

1940ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗಕ್ಕೆ ಹೊಸ ವಿದ್ಯಾರ್ಥಿಯೊಬ್ಬ ಸೇರಿದ. ವಯಸ್ಸು 34. ಕೈಯಲ್ಲಿದ್ದ ಪದವಿ ಹಾರ್ವರ್ಡಿನದೇ, ಆದರೆ ಓದಿದ್ದು ಗ್ರೀಕ್ ಭಾಷೆ, ಇತಿಹಾಸ ಮತ್ತು ತತ್ತ್ವಶಾಸ್ತ್ರ. ಅದನ್ನು ಮುಗಿಸಲೂ 1923ರಿಂದ 1930ರವರೆಗೆ ಏಳು ವರ್ಷ ಹಿಡಿದಿತ್ತು. ಇಟ್ಟಿಗೆ, ಉಕ್ಕು, ತೊಲೆಗಳ ಲೆಕ್ಕಕ್ಕೂ ಆ ಪದವಿಗೂ ಯಾವ ಸಂಬಂಧವೂ ಇರಲಿಲ್ಲ. ಈ ವಿದ್ಯಾರ್ಥಿಯೇ ಫಿಲಿಪ್ ಜಾನ್ಸನ್. ವಾಸ್ತುಶಿಲ್ಪದ ನೊಬೆಲ್ ಎಂದು ಕರೆಯುವ ಪ್ರಿಟ್ಜ್ಕರ್ ಪ್ರಶಸ್ತಿಯನ್ನು 1979ರಲ್ಲಿ ಮೊಟ್ಟಮೊದಲು ಪಡೆದವನು.

ನಮ್ಮ ಕಡೆಯ ತಂದೆತಾಯಿಗಳಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಆರ್ಕಿಟೆಕ್ಟ್ ಆಗಬೇಕೋ ಬೇಡವೋ ಎಂಬುದು ಪಿಯುಸಿ ಮುಗಿಯುವ ಹೊತ್ತಿಗೆ ತೀರ್ಮಾನವಾಗಿಬಿಡಬೇಕು. ಗಣಿತ ಓದಿರಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು, ಅನಂತರ ಐದು ವರ್ಷದ ಬಿ.ಆರ್ಕ್. ಬಿ.ಎ. ಅಥವಾ ಬಿ.ಎಸ್ಸಿ. ಮಾಡಿದ ಹುಡುಗಿಯೊಬ್ಬಳು ಹಂಪೆಯನ್ನೋ ಬೇಲೂರನ್ನೋ ನೋಡಿ ಬಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ‘ನಾನು ಕಟ್ಟಡ ಕಟ್ಟುವುದನ್ನು ಕಲಿಯುತ್ತೇನೆ’ ಎಂದರೆ, ‘ಇದನ್ನು ಮೊದಲೇ ಹೇಳಬಾರದಿತ್ತೆ?’ ಎಂದು ಮನೆಯವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬಾಗಿಲು ಇರುವುದು ಒಂದೇ.

ಅಮೆರಿಕದಲ್ಲಿ ಎರಡನೆಯ ಬಾಗಿಲು ಹೇಗೆ ಬಂತು? ಮೊದಲಿಗೆ ಅಲ್ಲಿ ಒಂದು ಬಾಗಿಲೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಈ ವಿದ್ಯೆಯನ್ನು ಕಲಿಸುವ ಕಾಲೇಜೇ ಆ ದೇಶದಲ್ಲಿರಲಿಲ್ಲ. ಹಿರಿಯರೊಬ್ಬರ ಕಚೇರಿಯಲ್ಲಿ ನಕ್ಷೆ ಬರೆಯುತ್ತ ಕಲಿಯುವುದೇ ದಾರಿ. 1859ರಲ್ಲಿ ಹಾರ್ವರ್ಡಿನಿಂದ ಪದವಿ ಪಡೆದ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ವಾಸ್ತುಶಿಲ್ಪ ಕಲಿಯಲು ಹಡಗು ಹತ್ತಿ ಪ್ಯಾರಿಸ್ಸಿಗೆ ಹೋಗಬೇಕಾಯಿತು. ಅಲ್ಲಿನ ಪ್ರಖ್ಯಾತ ಎಕೋಲ್ ದ ಬೋಜಾರ್ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾಗಿ, 1860ರ ಕೊನೆಗೆ ಸೇರಿದ. ಅಷ್ಟರಲ್ಲಿ ತಾಯ್ನಾಡಿನಲ್ಲಿ ಅಂತರ್ಯುದ್ಧ ಆರಂಭವಾಗಿ ಮನೆಯಿಂದ ಬರುತ್ತಿದ್ದ ಹಣ ನಿಂತಿತು. ಪ್ಯಾರಿಸ್ಸಿನ ಕಚೇರಿಯೊಂದರಲ್ಲಿ ದುಡಿಯುತ್ತ ದಿನ ದೂಡಿದ. ಬಾಸ್ಟನ್ನಿನ ಟ್ರಿನಿಟಿ ಚರ್ಚು ಈತನ ಕೃತಿ.

1868ರಲ್ಲಿ ಬಾಸ್ಟನ್ನಿನ ಎಂ.ಐ.ಟಿ.ಯಲ್ಲಿ ವಿಲಿಯಂ ವೇರ್ ಪಾಠ ಆರಂಭಿಸಿದ ಮೇಲೆ ದೇಶದೊಳಗೇ ಕಲಿಯುವುದು ಸಾಧ್ಯವಾಯಿತು. ಅದೇ ಕಾಲಕ್ಕೆ ಇನ್ನೊಂದು ವಿಚಾರವೂ ಬೇರೂರುತ್ತಿತ್ತು. ಮನುಷ್ಯ ಮೊದಲು ಸಾಹಿತ್ಯ, ಚರಿತ್ರೆ, ಗಣಿತ ಓದಿ ಪದವೀಧರನಾಗಲಿ. ಕಸುಬನ್ನು ಆಮೇಲೆ ಕಲಿಯಲಿ ಎಂಬುದು. 1893ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಪದವೀಧರರಿಗಷ್ಟೇ ಪ್ರವೇಶ ಎಂದು ಕಟ್ಟುನಿಟ್ಟು ಮಾಡಿತು. ಕಾನೂನು ಶಾಲೆಗಳೂ ಆ ದಾರಿ ಹಿಡಿದವು. ಹಾರ್ವರ್ಡ್ ವಾಸ್ತುಶಿಲ್ಪವನ್ನೂ ಈ ಸಾಲಿಗೆ ಸೇರಿಸಿತು. ಬೇರೆ ಅನೇಕ ಕಡೆ ಹೈಸ್ಕೂಲು ಮುಗಿಸಿದವರಿಗಾಗಿ ಐದು ವರ್ಷದ ಕೋರ್ಸು ಉಳಿಯಿತು, ಇಂದಿಗೂ ಇದೆ. ಹೀಗೆ ಬಾಗಿಲು ಎರಡಾದವು.

ಎರಡನೆಯದು ಎಲ್ಲರಿಗೂ ತೆರೆದಿತ್ತೆಂದು ಮಾತ್ರ ತಿಳಿಯಬಾರದು. 1915ರಲ್ಲಿ, ಪಕ್ಕದ ರ್‍ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನ ಪದವೀಧರೆಯೊಬ್ಬಳು ಉದ್ಯಾನ ವಿನ್ಯಾಸ ಕಲಿಯಲು ಬಂದಾಗ ಹಾರ್ವರ್ಡ್ ಅವಳನ್ನು ಸೇರಿಸಿಕೊಳ್ಳಲಿಲ್ಲ. ಹೆನ್ರಿ ಫ್ರಾಸ್ಟ್ ಎಂಬ ಅಧ್ಯಾಪಕ ಅವಳಿಗೆ ಪ್ರತ್ಯೇಕವಾಗಿ ಪಾಠ ಹೇಳತೊಡಗಿದ. ಆ ಖಾಸಗಿ ಪಾಠವೇ ಬೆಳೆದು ಮಹಿಳೆಯರ ಕೇಂಬ್ರಿಜ್ ಸ್ಕೂಲ್ ಆಯಿತು. 1942ರಲ್ಲಿ ಅದು ಮುಚ್ಚಿತು. ಹಾರ್ವರ್ಡಿನ ವಿನ್ಯಾಸ ಶಾಲೆ ಹೆಂಗಸರನ್ನು ಒಳಗೆ ಬಿಟ್ಟದ್ದೂ ಅದೇ ವರ್ಷ. ಯುದ್ಧಕ್ಕೆ ಹೊರಟ ಗಂಡಸರಿಂದ ತರಗತಿಗಳು ಖಾಲಿಯಾಗಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು.

ಜಾನ್ಸನ್‌ಗೆ ಇಂಥ ತೊಡಕುಗಳಿರಲಿಲ್ಲ. ತಂದೆ ಕೊಟ್ಟ ಅಲ್ಯೂಮಿನಿಯಂ ಕಂಪನಿಯ ಷೇರುಗಳಿಂದ ಆತ ಶ್ರೀಮಂತ. 1932ರಲ್ಲೇ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಹೊಸ ವಾಸ್ತುಶಿಲ್ಪದ ಪ್ರದರ್ಶನ ಏರ್ಪಡಿಸಿ, ಗೆಳೆಯ ಹಿಚ್‌ಕಾಕ್ ಜೊತೆ ಪುಸ್ತಕವನ್ನೂ ಬರೆದಿದ್ದ. ಬಳಿಕ ಅದನ್ನೆಲ್ಲ ಬಿಟ್ಟು ನಾಜಿ ರಾಜಕೀಯಕ್ಕೆ ಮರುಳಾಗಿ, 1939ರಲ್ಲಿ ಜರ್ಮನ್ ಸೇನೆಯ ಹಿಂದೆ ವರದಿಗಾರನಾಗಿ ಪೋಲೆಂಡಿಗೂ ಹೋಗಿ ಬಂದ. ಮರುವರ್ಷ ವಿದ್ಯಾರ್ಥಿ! ಆಗ ವಿಭಾಗದ ಮುಖ್ಯಸ್ಥ ನಾಜಿಗಳ ಜರ್ಮನಿ ತೊರೆದು ಬಂದ ವಾಲ್ಟರ್ ಗ್ರೋಪಿಯಸ್ ಎಂಬುದು ಇತಿಹಾಸದ ವ್ಯಂಗ್ಯ. ಎಲ್ಲರೂ ಪ್ರಬಂಧಕ್ಕೆ ನಕ್ಷೆ ಒಪ್ಪಿಸಿದರೆ ಜಾನ್ಸನ್ ಆ್ಯಶ್ ಸ್ಟ್ರೀಟಿನಲ್ಲಿ ನಿವೇಶನ ಕೊಂಡು, ಎತ್ತರದ ಗೋಡೆಯ ಹಿಂದೆ ಅಂಗಳವಿರುವ ಮನೆಯನ್ನು ನಿಜವಾಗಿಯೇ ಕಟ್ಟಿ ಒಪ್ಪಿಸಿದ. 1943ರಲ್ಲಿ ಪದವಿ ಬಂತು. ಆ ಮನೆಗೆ ಅಂಟಿಕೊಂಡಿದ್ದ ಆತನ ಹೆಸರನ್ನು ಹಾರ್ವರ್ಡ್ 2020ರಲ್ಲಿ ತೆಗೆಯಿತು; ಈಗ ಅದಕ್ಕೆ ಬೀದಿ ಸಂಖ್ಯೆಯಷ್ಟೇ ಹೆಸರು.

ಹಣವಿಲ್ಲದವರಿಗೆ ಕೆಲಸಕ್ಕೆ ಬರುವುದು ಇನ್ನೊಂದು ಸಂಗತಿ. ಈ ಶಾಲೆಗಳು ಕಟ್ಟಡದ ನಕ್ಷೆಗಳನ್ನೇ ಕೇಳುವುದಿಲ್ಲ. ಅರ್ಜಿಯ ಜೊತೆ ಹೋಗುವ ಪೋರ್ಟ್‌ಫೋಲಿಯೊದಲ್ಲಿ ಚಿತ್ರ, ಛಾಯಾಚಿತ್ರ, ಮಡಕೆ, ಮರದ ಕುರ್ಚಿ, ಹೊಲಿಗೆ ಏನೂ ಇರಬಹುದು. ಕಣ್ಣು ಮತ್ತು ಕೈ ಒಟ್ಟಿಗೆ ಯೋಚಿಸುತ್ತವೆಯೇ ಎಂದು ನೋಡುತ್ತಾರೆ. ಹಲವು ಕಡೆ ಸ್ವಲ್ಪ ಗಣಿತ, ಭೌತಶಾಸ್ತ್ರ ಓದಿರಬೇಕೆನ್ನುತ್ತಾರೆ. ಶಿಫಾರಸು ಪತ್ರಗಳು, ‘ಏಕೆ ಈ ವಿದ್ಯೆ’ ಎಂಬ ಬರಹ ಇದ್ದೇ ಇವೆ. ಯೇಲ್, ಕೊಲಂಬಿಯಾಗಳಲ್ಲಿ ಮೂರು ವರ್ಷ, ಹಾರ್ವರ್ಡಿನಲ್ಲಿ ಮೂರೂವರೆ. ಕೊನೆಗೆ ಬರುವ ಪದವಿಯ ಹೆಸರು ಎಂ.ಆರ್ಕ್. ಗೊಂದಲ ಹುಟ್ಟುವುದು ಇಲ್ಲಿಯೇ. ನಮ್ಮಲ್ಲಿ ಎಂ.ಆರ್ಕ್. ಎಂದರೆ ಬಿ.ಆರ್ಕ್. ಮುಗಿಸಿದವರ ವಿಶೇಷಾಧ್ಯಯನ, ಅಲ್ಲಿ ವೃತ್ತಿಗೆ ಮೊದಲ ಮೆಟ್ಟಿಲೂ ಆಗಬಹುದು. ಅಲ್ಲಿ ಓದಿ ಇಲ್ಲಿ ವೃತ್ತಿ ನಡೆಸಬೇಕೆನ್ನುವವರು ಆ ಪದವಿಗೆ ಇಲ್ಲಿ ಮನ್ನಣೆ ಇದೆಯೇ ಎಂದು ಹೊರಡುವ ಮೊದಲೇ ವಿಚಾರಿಸಬೇಕು.

ಬೇರೆ ಓದಿನಿಂದ ಬಂದವರು ತಮ್ಮ ಹಳೆಯ ವಿದ್ಯೆಯನ್ನು ಹೊರಗೆ ಬಿಟ್ಟು ಬರುವುದಿಲ್ಲ. ಇರಾಕಿನ ಝಾಹಾ ಹದೀದ್ ಬೈರೂತಿನಲ್ಲಿ ಗಣಿತ ಓದಿ, 1972ರಲ್ಲಿ ಲಂಡನ್ನಿನ ವಾಸ್ತುಶಿಲ್ಪ ಶಾಲೆ ಸೇರಿದಾಕೆ. ಆಕೆಯ ಬಾಗಿ ಬಳುಕುವ ಕಟ್ಟಡಗಳನ್ನು ನೋಡಿದರೆ ಆ ಗಣಿತ ವ್ಯರ್ಥವಾಯಿತೆಂದು ಯಾರೂ ಹೇಳಲಾರರು. ಪ್ರಿಟ್ಜ್ಕರ್ ಪಡೆದ ಮೊದಲ ಮಹಿಳೆಯೂ ಆಕೆಯೇ, 2004ರಲ್ಲಿ.

ಇಲ್ಲಿ ಇಪ್ಪತ್ತೆರಡರ ಆ ಹುಡುಗಿಗೆ ಇರುವ ದಾರಿಗಳು ಕಡಿಮೆ. ಪಿಯುಸಿಯಲ್ಲಿ ಗಣಿತ ಓದಿದ್ದರೆ ಹದಿನೆಂಟರವರ ಜೊತೆ ಕೂತು ಐದು ವರ್ಷ ಮೊದಲಿನಿಂದ ಓದಬಹುದು. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಎಂ.ಎ. ಮಾಡಿದವರನ್ನು ನಗರ ಯೋಜನೆಯ ಸ್ನಾತಕೋತ್ತರ ತರಗತಿಗೆ ಸೇರಿಸಿಕೊಳ್ಳುತ್ತಾರೆ, ಆದರೆ ಅದು ಪಕ್ಕದ ಮನೆ. ಇನ್ನು ಕಾನೂನು: 1972ರ ವಾಸ್ತುಶಿಲ್ಪಿಗಳ ಕಾಯಿದೆ ನೋಂದಣಿಯಿಲ್ಲದವರು ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳುವುದನ್ನು ನಿಷೇಧಿಸುತ್ತದೆ. ಆ ನಿಷೇಧ ಬಿರುದಿಗೆ ಮಾತ್ರ, ಕೆಲಸಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ಹೇಳಿತು. ಎಂದರೆ ಆಕೆ ಮನೆಯ ವಿನ್ಯಾಸ ಮಾಡಬಹುದು, ಕಟ್ಟುವುದರ ಉಸ್ತುವಾರಿಯನ್ನೂ ನೋಡಬಹುದು. ಕಚೇರಿಯ ಫಲಕದಲ್ಲಿ ಆ ಒಂದು ಪದವನ್ನು ಮಾತ್ರ ಬರೆಸುವಂತಿಲ್ಲ.