ಒಬೈದುಲ್ಲಾ ಸರ್ಕಾರಿ ಶಾಲೆ, ಶಿವಾಜಿನಗರ
ಬೆಂಗಳೂರಿನ ರಸೆಲ್ ಮಾರುಕಟ್ಟೆ ಇರುವ ಶಿವಾಜಿನಗರದ ಸರ್ಕಾರಿ ಶಾಲೆ. ಪೂರ್ಣ ಹೆಸರು ವಿ.ಕೆ. ಒಬೈದುಲ್ಲಾ ಶಾಲೆ. ಖಾಸಗಿ ಸಂಸ್ಥೆಗಳು ಸರ್ಕಾರಿ ಶಾಲೆಗಳನ್ನು ದತ್ತು ಪಡೆಯುವ ಪದ್ಧತಿಯ ಲಾಭ, ಅಪಾಯ ಎರಡನ್ನೂ ಇದು ಕಂಡಿದೆ. ಹೂಡಿಕೆ ಸಂಸ್ಥೆ ಐಎಂಎ ಇದನ್ನು ದತ್ತು ಪಡೆದು, ಕಟ್ಟಡವನ್ನು ಹೊಸದಾಗಿಸಿ, ಸರ್ಕಾರಿ ಶಿಕ್ಷಕರ ಜತೆಗೆ ತನ್ನ ಸಂಬಳದ ಶಿಕ್ಷಕರನ್ನೂ ನೇಮಿಸಿತು. ಸುತ್ತಲಿನ ಬಡ ಕುಟುಂಬಗಳಿಗೆ ಇದು ಖಾಸಗಿ ಶಾಲೆಗೆ ಸಾಟಿಯೆನಿಸಿತು. ಸಾವಿರಾರು ಹೂಡಿಕೆದಾರರ ಹಣ ಮುಳುಗಿಸಿ 2019ರ ಜೂನ್‌ನಲ್ಲಿ ಐಎಂಎ ಕುಸಿದಾಗ ಆ ಶಿಕ್ಷಕರ ಸಂಬಳದ ಮೂಲವೇ ಬತ್ತಿತು. ಕಟ್ಟಡ ದಾನವಾಗಿ ಉಳಿಯಬಲ್ಲದು, ಪಾಠ ಉಳಿಯದು. ಅದಕ್ಕೆ ಪ್ರತಿ ತಿಂಗಳೂ ಹಣ ಬೇಕು. ಶಾಲೆಯ ಹೊಣೆ ದಾನಿಯೊಬ್ಬನದೇ ಆಗಬೇಕಿಲ್ಲ: ಪೋಷಕರನ್ನು ಶಾಲಾಡಳಿತಕ್ಕೆ ತರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಕರ್ನಾಟಕದಲ್ಲಿ 2001ರಿಂದಲೇ ಇವೆ. ದಾನಿ ಎಷ್ಟೇ ದೊಡ್ಡವನಾದರೂ ಅವುಗಳ ಜಾಗ ತುಂಬಲಾರ.