ಜೈನ ಓಲೆಗ್ರಂಥಗಳ ಪೂರ್ವಪಕ್ಷದಲ್ಲಿ ಬೌದ್ಧ ಪರಿಭಾಷೆ

ತುಳುನಾಡಿನಲ್ಲಿ ಬೌದ್ಧಧರ್ಮದ ಕುರುಹುಗಳನ್ನು ಅರಸುವವರ ದೃಷ್ಟಿ ಮೊದಲು ಮಂಗಳೂರಿನ ಕದಿರೆಯತ್ತ ಹರಿಯುತ್ತದೆ. ಅಲ್ಲಿಯ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಆಳುಪ ಅರಸು ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ. ಪ್ರತಿಮೆಯನ್ನು ಕದಿರಿಕಾ ವಿಹಾರದಲ್ಲಿ ಸ್ಥಾಪಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ‘ಲೋಕೇಶ್ವರ’, ‘ವಿಹಾರ’ ಎಂಬ ಶಬ್ದಗಳ ಬಲದಿಂದ ಎಂ. ಗೋವಿಂದ ಪೈ ಮೊದಲಾದವರು ಕದಿರೆಯನ್ನು ಬೌದ್ಧಕ್ಷೇತ್ರವೆಂದರು. ಅದೇ ಶಾಸನ ಅರಸನನ್ನು ಶಿವಭಕ್ತನೆಂದು ವರ್ಣಿಸುವುದರಿಂದ ಬೇರೆ ವಿದ್ವಾಂಸರು ಅದನ್ನೊಪ್ಪಲಿಲ್ಲ. ‘ಮಂಜುನಾಥ’ ಎಂಬ ಹೆಸರನ್ನು ಬೋಧಿಸತ್ತ್ವ ಮಂಜುಶ್ರೀಯೊಡನೆ ಹೊಂದಿಸುವ ಯತ್ನವೂ ನಡೆದಿದೆ. ಅಣ್ಣಪ್ಪನು ಕದಿರೆಯಿಂದ ಲಿಂಗವನ್ನು ತಂದನೆಂಬ ಐತಿಹ್ಯದಂತೆ ಆ ಹೆಸರು ಬಂಟ್ವಾಳದಾಚೆ ಬೆಳ್ತಂಗಡಿ ಸೀಮೆಯ ಧರ್ಮಸ್ಥಳಕ್ಕೆ ಬಂದು, ಜೈನ ಹೆಗ್ಗಡೆ ಮನೆತನದ ಆಶ್ರಯದಲ್ಲಿ ನೆಲೆಗೊಂಡಿತು. ಶಬ್ದಸಾಮ್ಯವೊಂದರಿಂದಲೇ ಮತನಿರ್ಣಯ ಮಾಡುವುದು ಎಷ್ಟು ಕಷ್ಟವೆಂಬುದಕ್ಕೆ ಇದು ನಿದರ್ಶನ.

ಶಿಲೆ ಲೋಹಗಳಲ್ಲಿ ಬೌದ್ಧಮತದ ಉಳಿಕೆ ಈ ನಾಡಿನಲ್ಲಿ ಇಷ್ಟು ಸಂದಿಗ್ಧವಾದರೂ, ಅದರ ಸಿದ್ಧಾಂತದ ಸ್ಪಷ್ಟ ನಿರೂಪಣೆ ಜೈನಾಚಾರ್ಯರ ಗ್ರಂಥಗಳಲ್ಲಿ ದೊರೆಯುತ್ತದೆ. ಮೂಡುಬಿದಿರೆ ಧವಲಾದಿ ಸಿದ್ಧಾಂತಗ್ರಂಥಗಳ ರಕ್ಷಣೆಗಾಗಿ ವಿಖ್ಯಾತವಾದುದು ಸರಿಯೇ. ಆದರೆ ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿ 1948ರಲ್ಲಿ ಭಾರತೀಯ ಜ್ಞಾನಪೀಠ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯನ್ನು ನೋಡಿದವರಿಗೆ ಇಲ್ಲಿಯ ಭಂಡಾರಗಳಲ್ಲಿ ನ್ಯಾಯಗ್ರಂಥಗಳೂ ಇರುವುದು ತಿಳಿದಿದೆ. ಜೈನ ನ್ಯಾಯದಲ್ಲಿ ಬೌದ್ಧನೇ ಪ್ರಧಾನ ಪೂರ್ವಪಕ್ಷಿ. ಓಲೆಯಲ್ಲಿ ಪೂರ್ವಪಕ್ಷವನ್ನೂ ಸಿದ್ಧಾಂತವನ್ನೂ ಬೇರ್ಪಡಿಸುವ ಚಿಹ್ನೆಗಳಿಲ್ಲ. ಪಂಕ್ತಿಗಳು ಅಖಂಡವಾಗಿ ಸಾಗುತ್ತವೆ. ‘ಸ್ಯಾನ್ಮತಮ್’, ‘ಇತಿ ಚೇನ್ನ’ ಮುಂತಾದ ಸಂಕೇತಗಳನ್ನು ಹಿಡಿದೇ ವಾದಿ ಪ್ರತಿವಾದಿಗಳನ್ನು ಗುರುತಿಸಬೇಕು. ಉಭಯಮತಗಳಿಗೆ ಸಮಾನವಾದ ಶಬ್ದಗಳು ಬಂದಾಗ ಪ್ರಮಾದದ ಸಂಭವ ಅಧಿಕ.

‘ಪುದ್ಗಲ’ ಶಬ್ದವನ್ನೇ ಪರಿಶೀಲಿಸಬಹುದು. ಜೈನಾಗಮದಲ್ಲಿ ಅದು ಸ್ಪರ್ಶ, ರಸ, ಗಂಧ, ವರ್ಣಗಳುಳ್ಳ ಮೂರ್ತ ದ್ರವ್ಯ. ಬೌದ್ಧರಲ್ಲಿ ಅದು ವ್ಯಕ್ತಿ, ಎಂದರೆ ಲೋಕವು ‘ನಾನು’ ಎಂದು ವ್ಯವಹರಿಸುವುದು. ‘ಸ್ಕಂಧ’ವು ನಮ್ಮಲ್ಲಿ ಪರಮಾಣುಗಳ ಸಂಘಾತ, ಅವರಲ್ಲಿ ರೂಪ, ವೇದನಾ, ಸಂಜ್ಞಾ, ಸಂಸ್ಕಾರ, ವಿಜ್ಞಾನಗಳೆಂಬ ಐದು ರಾಶಿಗಳು. ‘ಧರ್ಮ’ವು ನಮ್ಮಲ್ಲಿ ಗತಿಗೆ ಸಹಕಾರಿಯಾದ ದ್ರವ್ಯವೂ ಹೌದು, ಅವರ ಅಭಿಧರ್ಮದಲ್ಲಿ ಅನುಭವದ ಮೂಲಘಟಕ. ಹೀಗಿರಲು, ‘ಪುದ್ಗಲನೈರಾತ್ಮ್ಯ’, ‘ಧರ್ಮನೈರಾತ್ಮ್ಯ’ ಎಂಬ ಮಹಾಯಾನದ ಪದಗಳನ್ನು ಸ್ವಮತದ ಅರ್ಥದಲ್ಲಿ ಓದಿದರೆ, ಪುದ್ಗಲದಲ್ಲಿ ಆತ್ಮವಿಲ್ಲ, ಧರ್ಮದ್ರವ್ಯದಲ್ಲಿ ಆತ್ಮವಿಲ್ಲ ಎಂದಾಗುತ್ತದೆ. ಇವೆರಡೂ ಅಜೀವವಾದುದರಿಂದ ಅದು ಶುದ್ಧ ಜೈನಮತವೇ ಸರಿ! ಖಂಡನೀಯವಾದ ಪಕ್ಷವು ಓದುಗನ ಅರಿವಿಲ್ಲದೆ ಸಿದ್ಧಾಂತವಾಗಿ ಬಿಡುತ್ತದೆ.

‘ಆಸ್ರವ’ದ ವಿಷಯ ಇದಕ್ಕಿಂತ ಗಂಭೀರವಾದುದು. ಹರಿದು ಬರುವಿಕೆ ಎಂಬ ಧಾತ್ವರ್ಥವು ಕರ್ಮಪುದ್ಗಲದ ಆಗಮನವನ್ನು ಹೇಳುವ ಜೈನಶಾಸ್ತ್ರದಲ್ಲಿ ಯಥಾವತ್ತಾಗಿ ಹೊಂದುತ್ತದೆ. ಪಾಲಿಯ ‘ಆಸವ’ ಕಾಮ, ಭವ, ಅವಿದ್ಯೆ ಮೊದಲಾದ ಚಿತ್ತಮಲಗಳಿಗೆ ಹೆಸರು. ಅಲ್ಲಿ ಹರಿದು ಬರುವ ದ್ರವ್ಯವೇ ಇಲ್ಲ. ಈ ಭೇದದ ಮೇಲೆ ಹರ್ಮನ್ ಯಾಕೋಬಿಯವರು ಜೈನ ಕರ್ಮಸಿದ್ಧಾಂತದ ಪ್ರಾಚೀನತೆಯನ್ನು ಸಮರ್ಥಿಸಿದರು. ಎರಡು ಅರ್ಥಗಳನ್ನು ಬೆರೆಸಿದರೆ ಈ ಚರಿತ್ರಾಂಶವೇ ಅಳಿಸಿಹೋಗುತ್ತದೆ.

‘ನಿರ್ವಾಣ’ವೂ ಹಾಗೆಯೇ. ಪೂಜ್ಯಪಾದರು ಸರ್ವಾರ್ಥಸಿದ್ಧಿಯ ಉಪೋದ್ಘಾತದಲ್ಲಿ, ದೀಪ ನಂದುವಂತೆ ಆತ್ಮ ನಂದುವುದೇ ಮೋಕ್ಷವೆಂಬ ಮತವನ್ನು ನಿರಾಕರಿಸಿದ್ದಾರೆ. ಸಕಲ ಕರ್ಮಕ್ಷಯದಿಂದ ಜೀವನ ಸ್ವಸ್ವರೂಪವು ಪ್ರಕಟವಾಗುವುದೇ ನಮಗೆ ಮೋಕ್ಷವಾದುದರಿಂದ ಈ ನಿರಾಕರಣ ಯುಕ್ತ. ಆದರೆ ಪಾಲಿ ಸೂತ್ರಗಳು ನಂದುವುದೆಂದು ಹೇಳುವುದು ರಾಗ, ದ್ವೇಷ, ಮೋಹಗಳೆಂಬ ಅಗ್ನಿಯನ್ನು. ಮರಣಾನಂತರ ತಥಾಗತನು ಇರುವನೇ ಇಲ್ಲವೇ ಎಂಬುದನ್ನು ಅವು ಅವ್ಯಾಕೃತವೆಂದು ಬಿಡುತ್ತವೆ. ಶಾಶ್ವತವಾದ, ಉಚ್ಛೇದವಾದಗಳೆರಡನ್ನೂ ತೊರೆದು ದ್ವಾದಶಾಂಗ ಪ್ರತೀತ್ಯಸಮುತ್ಪಾದವನ್ನು ಬೋಧಿಸಿದವನು ಬುದ್ಧ. ಅನಾತ್ಮವಾದಿಯಾದರೂ ಬೌದ್ಧನು ಕರ್ಮವನ್ನೂ ಪುನರ್ಜನ್ಮವನ್ನೂ ಒಪ್ಪುತ್ತಾನೆ. ಅವನನ್ನು ಚಾರ್ವಾಕನೊಡನೆ ಸೇರಿಸುವುದು ಯುಕ್ತವಲ್ಲ. ಅಕಲಂಕದೇವರು ತತ್ತ್ವಾರ್ಥವಾರ್ತಿಕದಲ್ಲಿ ಅವಿದ್ಯೆಯಿಂದ ಆರಂಭವಾಗುವ ಆ ಸರಣಿಯನ್ನು ಮೊದಲು ನಿರೂಪಿಸಿ, ಅನಂತರವೇ ಜ್ಞಾನಮಾತ್ರದಿಂದ ಮೋಕ್ಷವಿಲ್ಲವೆಂದು ಸಾಧಿಸುತ್ತಾರೆ.

ಪರಮತವನ್ನು ಹೀಗೆ ಅರಿತು ನುಡಿಯುವ ಸಂಪ್ರದಾಯದ ಫಲವನ್ನು ಜಗತ್ತು ಪಡೆದಿದೆ. ಧರ್ಮೋತ್ತರನ ಟೀಕೆಯೊಡನೆ ನ್ಯಾಯಬಿಂದು ಖಂಭಾತದ ಜೈನ ಭಂಡಾರದಲ್ಲಿ ದೊರೆಯಿತು. ಶಾಂತರಕ್ಷಿತನ ತತ್ತ್ವಸಂಗ್ರಹ ಪಾಟಣದಲ್ಲಿ ದೊರೆತು 1926ರಲ್ಲಿ ಬರೋಡೆಯಿಂದ ಪ್ರಕಟವಾಯಿತು. ಬೌದ್ಧವಿಹಾರಗಳು ನಾಶವಾದ ಮೇಲೆ ಬೌದ್ಧನ ವಾದವನ್ನು ಕಾಪಾಡಿದವರಲ್ಲಿ ಅವನ ಪ್ರತಿವಾದಿಗಳೂ ಇದ್ದರು.

ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಅಕಲಂಕರು, ತಾವು ಹಿಮಶೀತಲನ ಸಭೆಯಲ್ಲಿ ಬೌದ್ಧರನ್ನು ಜಯಿಸಿದುದು ಅಹಂಕಾರದಿಂದಲ್ಲ, ದ್ವೇಷದಿಂದಲ್ಲ, ನೈರಾತ್ಮ್ಯವನ್ನು ನಂಬಿ ಕೆಡುತ್ತಿರುವ ಜನರ ಮೇಲಣ ಕಾರುಣ್ಯದಿಂದ ಎಂದು ನುಡಿದುದಾಗಿ ಹೇಳಿದೆ. ಓಲೆಯನ್ನು ಕೈಗೆತ್ತಿಕೊಳ್ಳುವ ಸಂಪಾದಕನಿಗೂ ಆ ಮನೋಭಾವವೇ ಆದರ್ಶ. ಅಪರಿಚಿತ ಅರ್ಥದಲ್ಲಿ ಬಂದ ಪರಿಚಿತ ಶಬ್ದವನ್ನು ಲಿಪಿಕಾರನ ತಪ್ಪೆಂದು ತಿದ್ದುವ ಮೊದಲು, ಆ ಪಂಕ್ತಿಯಲ್ಲಿ ಮಾತನಾಡುತ್ತಿರುವವನು ಯಾರೆಂದು ಕೇಳಿಕೊಳ್ಳಬೇಕು. ಪ್ರತಿಪಕ್ಷಿಯ ಮಾತನ್ನು ಅವನ ಅರ್ಥದಲ್ಲೇ ಗ್ರಹಿಸದವನು ಆಚಾರ್ಯರ ಉತ್ತರವನ್ನೂ ಗ್ರಹಿಸಲಾರನು.