ಕ್ಷಯ, ಎಚ್.ಐ.ವಿ. ಮತ್ತು ತುಮಕೂರಿನ ಪಾಠ

ಕ್ಷಯರೋಗವು ನಮ್ಮ ನಾಡಿಗೆ ಹೊಸದಲ್ಲ. ಎಚ್.ಐ.ವಿ. ಸೋಂಕಾದರೋ ಭಾರತದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಇವೆರಡೂ ಒಂದೇ ದೇಹದಲ್ಲಿ ಕೂಡಿದ ಚರಿತ್ರೆಯನ್ನು ಬರೆಯಹೊರಡುವವರು ಸಾಮಾನ್ಯವಾಗಿ ಆ ವರ್ಷದಿಂದಲೇ ತೊಡಗುತ್ತಾರೆ. ಆದರೆ ಅದರ ಮೊದಲ ಅಧ್ಯಾಯವು ಕಾಲು ಶತಮಾನದಷ್ಟು ಹಿಂದೆಯೇ, ಜ್ಞಾನಭಾರತಿಯಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ತುಮಕೂರು ಜಿಲ್ಲೆಯಲ್ಲಿ ನಡೆದುಹೋಗಿದೆಯೆಂದು ನನ್ನ ಅಭಿಪ್ರಾಯ.

ಬೆಂಗಳೂರಿನ ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪಿತವಾಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಜವಾಹರಲಾಲ್ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಹಳ್ಳಿಯ ರೋಗಿ ಅಜ್ಞಾನಿ, ತಾನಾಗಿ ವೈದ್ಯರ ಬಳಿಗೆ ಬಾರನು, ಎಕ್ಸ್‌ರೇ ಗಾಡಿಯನ್ನು ಅವನ ಬಾಗಿಲಿಗೇ ಒಯ್ಯಬೇಕು ಎಂಬ ನಂಬಿಕೆ ಆಗ ಪ್ರಬಲವಾಗಿತ್ತು. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರಿನ ಗ್ರಾಮಗಳಲ್ಲಿ ಸಮೀಕ್ಷೆಯಿಂದ ಪತ್ತೆಯಾದ ರೋಗಿಗಳನ್ನು ಕಂಡು ಮಾತನಾಡಿಸಿದರು. 1963ರಲ್ಲಿ ಅವರು ಪ್ರಕಟಿಸಿದ ಲೇಖನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಹುಮಂದಿಗೆ ತಮ್ಮ ಲಕ್ಷಣಗಳ ಅರಿವು ಚೆನ್ನಾಗಿಯೇ ಇತ್ತು. ಅರ್ಧದಷ್ಟು ಮಂದಿ ಅದಾಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದಿದ್ದರು. ಸಾಮಾನ್ಯವಾಗಿ ಅಲ್ಲಿ ಅವರಿಗೆ ದೊರೆತದ್ದು ಒಂದು ಸೀಸೆ ಕೆಮ್ಮಿನ ಔಷಧ. ರೋಗಿ ಬಂದಿದ್ದನು, ರೋಗವನ್ನು ಗುರುತಿಸುವವರಿರಲಿಲ್ಲ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫಪರೀಕ್ಷೆಯನ್ನು ನೆಲೆಗೊಳಿಸಲು ಯತ್ನಿಸಿದ್ದು ಇಂಥ ಅಧ್ಯಯನಗಳ ಬಲದಿಂದಲೇ.

ಎಚ್.ಐ.ವಿ. ಬಂದಮೇಲೆ ಈ ಏರ್ಪಾಡಿನ ಬುಡವೇ ಅಲುಗಿತು. ರೋಗನಿರೋಧಕ ಶಕ್ತಿ ಕುಗ್ಗಿದವರ ಶ್ವಾಸಕೋಶದಲ್ಲಿ ಕುಹರಗಳು ಏಳುವುದು ಕಡಿಮೆ; ಕಫದಲ್ಲಿ ಕ್ರಿಮಿಗಳು ವಿರಳ; ಎಷ್ಟೋ ಸಲ ರೋಗ ಬೇರೆ ಅಂಗಗಳಲ್ಲಿ ನೆಲೆಸಿರುತ್ತದೆ. ಸೂಕ್ಷ್ಮದರ್ಶಕವು ‘ಇಲ್ಲ’ ಎನ್ನುತ್ತಿರುವಾಗಲೇ ರೋಗಿ ಸೊರಗುತ್ತಿರುತ್ತಾನೆ. ಔಷಧದ ಕಥೆಯೂ ಅಷ್ಟೆ. ಅಗ್ಗವೆಂಬ ಕಾರಣದಿಂದ ಐಸೋನಿಯಾಜಿಡ್‌ನೊಡನೆ ಕೊಡುತ್ತಿದ್ದ ಥಯಾಸಿಟಜೋನ್, ಎಚ್.ಐ.ವಿ. ಉಳ್ಳವರಲ್ಲಿ ಪ್ರಾಣಾಂತಕವಾದ ಚರ್ಮವಿಕಾರವನ್ನು ತರಬಲ್ಲುದೆಂದು 1991ರಲ್ಲಿ ನೈರೋಬಿಯಿಂದ ವರದಿ ಬಂದಿತು. ಕ್ಷಯಚಿಕಿತ್ಸೆಯಲ್ಲಿ ಪ್ರಧಾನವಾದ ರಿಫಾಂಪಿಸಿನ್ ಆದರೋ ನೆವಿರಪಿನ್ ಮೊದಲಾದ ಎಚ್.ಐ.ವಿ. ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಹೀಗಾಗಿ ಒಬ್ಬ ವೈದ್ಯರು ಬರೆದುಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯಲೇಬೇಕಾಯಿತು.

ತಿಳಿಯುವ ದಾರಿ ಸುಗಮವಾಗಿರಲಿಲ್ಲ. ಕ್ಷಯಕ್ಕೆ ಒಂದು ಇಲಾಖೆ, ಏಡ್ಸ್‌ಗೆ 1992ರಲ್ಲಿ ಹುಟ್ಟಿದ ಇನ್ನೊಂದು. 2004ರ ಏಪ್ರಿಲ್ 1ರಂದು ದೇಶದ ಎಂಟು ಆಸ್ಪತ್ರೆಗಳಲ್ಲಿ ಎಚ್.ಐ.ವಿ. ಔಷಧವನ್ನು ಉಚಿತವಾಗಿ ಕೊಡತೊಡಗಿದರು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಅವುಗಳಲ್ಲೊಂದು. ಕ್ಷಯದ ಮಾತ್ರೆ ಮಾತ್ರ ಬೇರೆ ಬಾಗಿಲಿನಲ್ಲಿ. ಎರಡು ಬಾಗಿಲುಗಳ ನಡುವೆ ಇದ್ದದ್ದು ಒಂದು ಚೀಟಿ, ಬಸ್ಸಿನ ಖರ್ಚು, ಒಂದು ದಿನದ ಕೂಲಿ. ಚೀಟಿ ಹಿಡಿದು ಹೊರಟವರೆಲ್ಲರೂ ಇನ್ನೊಂದು ಬಾಗಿಲನ್ನು ತಲುಪುವರೆಂದು ಭಾವಿಸುವುದು ಕಾಗದದ ಮೇಲಷ್ಟೇ ಸಾಧ್ಯ. 2008ರಿಂದೀಚೆಗೆ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಪ್ರತಿಯೊಬ್ಬ ಕ್ಷಯರೋಗಿಗೂ ಎಚ್.ಐ.ವಿ. ಪರೀಕ್ಷೆಯ ಅವಕಾಶ ಕಲ್ಪಿಸುವ ತೀವ್ರ ಯೋಜನೆ ಮೊದಲಾಯಿತು. ಎಚ್.ಐ.ವಿ. ಉಳ್ಳವರು ಭೇಟಿಯಿತ್ತಾಗಲೆಲ್ಲ ಕೆಮ್ಮು, ಜ್ವರ, ರಾತ್ರಿಯ ಬೆವರು, ತೂಕದ ಇಳಿಕೆ, ಈ ನಾಲ್ಕನ್ನು ವಿಚಾರಿಸುವ ಪದ್ಧತಿಯೂ ರೂಢಿಗೆ ಬಂದಿತು. ಬೆಲೆಬಾಳುವ ಯಂತ್ರಗಳಿಗಿಂತ ಈ ವಿಚಾರಣೆಯೇ ಬ್ಯಾನರ್ಜಿಯವರ ಕೆಲಸಕ್ಕೆ ಹೆಚ್ಚು ಹತ್ತಿರದ್ದೆಂದು ನನಗೆ ತೋರುತ್ತದೆ. 2016ರ ಕೊನೆಗೆ ಎಚ್.ಐ.ವಿ. ಚಿಕಿತ್ಸಾ ಕೇಂದ್ರದಲ್ಲಿಯೇ ದಿನನಿತ್ಯದ ಕ್ಷಯದ ಔಷಧವನ್ನೂ ಕೊಡುವ ಕ್ರಮ ಆರಂಭವಾಯಿತು.

ಇಲ್ಲಿ ಒಂದು ತೊಡಕನ್ನೂ ಹೇಳಬೇಕು. 2012ರ ಆದೇಶದಂತೆ ಕ್ಷಯರೋಗಿಯ ವಿಷಯವನ್ನು ಸರಕಾರಕ್ಕೆ ತಿಳಿಸುವುದು ಕಡ್ಡಾಯ. 2017ರ ಅಧಿನಿಯಮದಂತೆ ಎಚ್.ಐ.ವಿ. ವಿಷಯವನ್ನು ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಹೊರಗೆಡಹುವುದು, ಕೆಲವು ಅಪವಾದಗಳ ಹೊರತು, ನಿಷಿದ್ಧ. ವ್ಯಕ್ತಿ ಒಬ್ಬನೇ, ವಹಿಗಳು ಎರಡು.

ಕ್ಷಯ ತಗಲುವ ಮೊದಲೇ ಐಸೋನಿಯಾಜಿಡ್ ಕೊಟ್ಟು ಎಚ್.ಐ.ವಿ. ಉಳ್ಳವರನ್ನು ಕಾಪಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿಯೇ ಸೂಚಿಸಿತ್ತು. ಔಷಧಕ್ಕೆ ಬಗ್ಗದ ಕ್ರಿಮಿಗಳು ಹೆಚ್ಚಾದಾವೆಂಬ ಅಂಜಿಕೆಯಿಂದ ನಮ್ಮಲ್ಲಿ ಅದರ ವ್ಯಾಪಕ ಬಳಕೆಗೆ ಸುಮಾರು ಎರಡು ದಶಕಗಳು ಹಿಡಿದವು. ಆ ಮಾತ್ರೆಯಾದರೋ 1952ರಿಂದ ಬಳಕೆಯಲ್ಲಿರುವುದು. ತುಮಕೂರಿನ ರೋಗಿಗಳು ಕೆಮ್ಮಿನ ಔಷಧದ ಸೀಸೆಯೊಡನೆ ಊರಿಗೆ ಮರಳುತ್ತಿದ್ದ ಕಾಲಕ್ಕೇ ಅದು ಇತ್ತು.